ಶಾಲೆ ಬಿಟ್ಟ ಹದಿನಾರರ ಹುಡುಗ ಯಾರ ಹೊಣೆ? ಬ್ರಿಟನ್ನಿನ ಶಿಕ್ಷಣ ಮತ್ತು ಉದ್ಯೋಗ ಇಲಾಖೆಯ ಕಥೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೇಷ್ಟ್ರುಗಳು ಜಾಸ್ತಿ ಇದ್ದೀರಿ. ಐಟಿಐಗಳಲ್ಲಿ ಪಾಠ ಮಾಡುವವರೂ ಬಂದಿದ್ದೀರಿ. ಹಾಗಾಗಿ ನನ್ನ ಪ್ರಶ್ನೆ ನಿಮಗೆ ಹೊಸದೇನಲ್ಲ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗನೊಬ್ಬ ಕೆಲಸಕ್ಕೆ ಸೇರುವವರೆಗೆ ಯಾರ ಲೆಕ್ಕಕ್ಕೆ ಬರುತ್ತಾನೆ? ಶಾಲೆಯ ಹಾಜರಿ ಪುಸ್ತಕದಿಂದ ಅವನ ಹೆಸರು ತೆಗೆದಾಗಿದೆ. ಯಾವ ಕಾರ್ಖಾನೆಯ ಪಟ್ಟಿಯಲ್ಲೂ ಅದು ಇನ್ನೂ ಸೇರಿಲ್ಲ. ಶಿಕ್ಷಣ ಇಲಾಖೆಯವರು ನಮ್ಮ ಕೆಲಸ ಮುಗಿಯಿತು ಅನ್ನುತ್ತಾರೆ. ಕಾರ್ಮಿಕ ಇಲಾಖೆಯವರು ನಮ್ಮ ಕೆಲಸ ಇನ್ನೂ ಶುರುವಾಗಿಲ್ಲ ಅನ್ನುತ್ತಾರೆ.

ಬ್ರಿಟನ್ನಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿ ಒಂದು ಇಲಾಖೆಯನ್ನೇ ಕಟ್ಟಿದರು. ಅದರ ಹೆಸರು ಶಿಕ್ಷಣ ಮತ್ತು ಉದ್ಯೋಗ ಇಲಾಖೆ. 1995ರ ಜುಲೈಯಲ್ಲಿ ಹುಟ್ಟಿತು, 2001ರ ಜೂನ್‌ನಲ್ಲಿ ಒಡೆಯಿತು. ಆರು ವರ್ಷ ಪೂರ್ತಿ ಬಾಳಲಿಲ್ಲ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ. ಆ ಇಲಾಖೆ ಹಿಡಿದ ದಾರಿ ಸರಿಯಾಗಿತ್ತು, ಅದನ್ನು ಅಷ್ಟು ಬೇಗ ಒಡೆದದ್ದು ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಹಾಗೆ ಅನ್ನಿಸುತ್ತದೆ ಎಂದು ಹೇಳುತ್ತೇನೆ. ಒಡೆದವರ ಬಳಿಯೂ ಕಾರಣವಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಜಗಳ ಬಹಳ ಹಳೆಯದು. 1909ರಲ್ಲಿ ಬ್ರಿಟನ್ನಿನಲ್ಲಿ ಲೇಬರ್ ಎಕ್ಸ್‌ಚೇಂಜ್ ಕಾಯಿದೆ ಬಂತು. ವಿನ್‌ಸ್ಟನ್ ಚರ್ಚಿಲ್ ಆಗ ವ್ಯಾಪಾರ ಮಂಡಳಿಯ ಮಂತ್ರಿ. ಯೋಜನೆ ರೂಪಿಸಿದವರಲ್ಲಿ ಮುಖ್ಯವಾದವರು ವಿಲಿಯಂ ಬೆವರಿಜ್. ಕೆಲಸ ಬೇಕಾದವರು, ಕೆಲಸಗಾರರು ಬೇಕಾದವರು ಒಂದೇ ಕಡೆ ಬಂದು ಹೆಸರು ಬರೆಸುವ ಕಚೇರಿಗಳು ಇವು. 1910ರ ಫೆಬ್ರವರಿಯಲ್ಲಿ ಬಾಗಿಲು ತೆರೆದವು. ಶಾಲೆ ಬಿಟ್ಟ ಮಕ್ಕಳಿಗೂ ಅಲ್ಲಿ ಒಂದು ವಿಭಾಗ ಇತ್ತು. ಅದೇ 1910ರಲ್ಲಿ ಇನ್ನೊಂದು ಕಾಯಿದೆ ಬಂತು. ಶಾಲೆ ಬಿಟ್ಟ ಮಕ್ಕಳಿಗೆ ಯಾವ ಕೆಲಸ ಹಿಡಿಯಬೇಕೆಂದು ಸಲಹೆ ಕೊಡುವ ಅಧಿಕಾರ ಸ್ಥಳೀಯ ಶಿಕ್ಷಣ ಸಂಸ್ಥೆಗಳಿಗೆ ಸಿಕ್ಕಿತು. ನೋಡಿ, ಒಂದೇ ವರ್ಷ, ಒಂದೇ ಹುಡುಗ, ಎರಡು ಕಚೇರಿ. ಮುಂದಿನ ಎಂಬತ್ತೈದು ವರ್ಷ ಈ ಎರಡು ಕಡೆಯವರ ತಿಕ್ಕಾಟ ಒಂದಲ್ಲ ಒಂದು ರೂಪದಲ್ಲಿ ನಡೆದೇ ಇತ್ತು. 1916ರಲ್ಲಿ ಕಾರ್ಮಿಕ ಸಚಿವಾಲಯ ಬಂತು. ಅದು ಹೆಸರು ಬದಲಿಸುತ್ತಾ ಕೊನೆಗೆ ಉದ್ಯೋಗ ಇಲಾಖೆ ಆಯಿತು. ಶಿಕ್ಷಣದವರದ್ದು ಬೇರೆಯೇ ಮನೆ, ಬೇರೆಯೇ ಮಂತ್ರಿ, ಬೇರೆಯೇ ದುಡ್ಡು.

ನಮ್ಮ ಕಡೆಗೂ ಇದರ ಒಂದು ಕವಲು ಹರಿದು ಬಂದಿದೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರ ಜುಲೈಯಲ್ಲಿ, ಸೈನ್ಯದಿಂದ ವಾಪಸಾಗುವವರಿಗೆ ಕೆಲಸ ಹುಡುಕಿಕೊಡಲು ಭಾರತದಲ್ಲಿ ಒಂದು ನಿರ್ದೇಶನಾಲಯ ಮಾಡಿದರು. ನಮ್ಮ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್‌ಗಳ ಮೂಲ ಅದೇ. ಸ್ವಾತಂತ್ರ್ಯ ಬಂದ ಮೇಲೆ ಈ ಕಚೇರಿಗಳನ್ನು ಏನು ಮಾಡಬೇಕೆಂದು ನೋಡಲು ಒಂದು ಸಮಿತಿ ಮಾಡಿದರು. ಅದರ ಅಧ್ಯಕ್ಷರು ಮಂಗಳೂರಿನ ಬೆನೆಗಲ್ ಶಿವರಾಯರು. ಪತ್ರಕರ್ತರು, ದಕ್ಷಿಣ ಕನ್ನಡದಿಂದ ಮೊದಲ ಲೋಕಸಭೆಗೆ ಆರಿಸಿ ಹೋದವರು. ಉದ್ಯೋಗ ಸೇವೆ, ಕಸುಬಿನ ತರಬೇತಿ, ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ಸಮಿತಿ ಅದು. ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಹೋಗಲಿ ಎಂದು ಅವರು ಹೇಳಿದರು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಕನ್ನಡ ನಾಡು ಒಂದಾದ ದಿನವೇ ಈ ಕಚೇರಿಗಳೂ ನಮ್ಮ ರಾಜ್ಯದ ಕೈಗೆ ಬಂದವು. ಡಿಗ್ರಿ ಮುಗಿಸಿ ಅಲ್ಲಿ ಹೆಸರು ಬರೆಸಿ, ಕಾರ್ಡ್ ನವೀಕರಿಸುತ್ತಾ ವರ್ಷಗಟ್ಟಲೆ ಕಾದವರು ಈ ಸಭೆಯಲ್ಲೂ ಇರಬಹುದು.

ಬ್ರಿಟನ್ನಿಗೆ ವಾಪಸ್ ಹೋಗೋಣ. ಅಲ್ಲಿ ಕಡ್ಡಾಯ ಶಾಲೆಯ ವಯಸ್ಸು ಮೆಲ್ಲಗೆ ಏರುತ್ತಾ ಬಂತು. 1947ರಲ್ಲಿ 15 ಆಯಿತು, 1972ರಲ್ಲಿ 16. ಕಾರ್ಖಾನೆಗಳು ತುಂಬಿ ತುಳುಕುವಾಗ ಇದು ಯಾರಿಗೂ ದೊಡ್ಡ ತಲೆನೋವಾಗಿರಲಿಲ್ಲ. ಶಾಲೆ ಬಿಟ್ಟ ಹುಡುಗ ಅಪ್ಪನ ಕಾರ್ಖಾನೆಗೋ ಗಣಿಗೋ ಹೋಗಿ ಸೇರುತ್ತಿದ್ದ. ಓದು ಕಮ್ಮಿ ಇದ್ದರೂ ಸಂಬಳ ಬರುತ್ತಿತ್ತು. 1970ರ ದಶಕದಲ್ಲಿ ಆ ದಾರಿ ಕಟ್ಟಿಕೊಳ್ಳತೊಡಗಿತು. 1976ರ ಅಕ್ಟೋಬರ್‌ನಲ್ಲಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನಲ್ಲಿ ಒಂದು ಭಾಷಣ ಮಾಡಿದರು. ಶಾಲೆಯಲ್ಲಿ ಕಲಿಸುವುದಕ್ಕೂ ಹೊರಗೆ ಕೆಲಸಕ್ಕೆ ಬೇಕಾಗುವುದಕ್ಕೂ ತಾಳೆಯಾಗುತ್ತಿದೆಯೇ ಎಂದು ಅವರು ಕೇಳಿದರು. ಪ್ರಧಾನಿಯೊಬ್ಬರು ಪಾಠದ ಕೋಣೆಯ ಬಗ್ಗೆ ಬಾಯಿ ಹಾಕುವುದೇ ಆಗ ದೊಡ್ಡ ಸುದ್ದಿ. ಅಲ್ಲಿಯವರೆಗೆ ಏನು ಕಲಿಸಬೇಕು ಅನ್ನುವುದು ಮೇಷ್ಟ್ರುಗಳಿಗೇ ಬಿಟ್ಟ ವಿಷಯವಾಗಿತ್ತು.

ಆಮೇಲೆ ಮಾರ್ಗರೇಟ್ ಥ್ಯಾಚರ್ ಕಾಲ. 1982ರ ಜನವರಿಯಲ್ಲಿ ನಿರುದ್ಯೋಗಿಗಳ ಲೆಕ್ಕ 30 ಲಕ್ಷ ದಾಟಿತು. ಶೆಫೀಲ್ಡ್ ಅನ್ನುವ ಊರಿನ ಹೆಸರನ್ನು ಇಲ್ಲಿ ನೆನಪಿಟ್ಟುಕೊಳ್ಳಿ, ಮುಂದೆಯೂ ಬರುತ್ತದೆ. ಉಕ್ಕಿನ ಊರು. ಚಾಕು, ಚಮಚಗಳಿಗೆ ಲೋಕಕ್ಕೆಲ್ಲ ಹೆಸರಾದ ಊರು. ಅಲ್ಲಿ ಒಂದಾದ ಮೇಲೊಂದು ಕುಲುಮೆ ಆರಿದವು. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ಮೂರ್‌ಫುಟ್ ಅನ್ನುವ ಜಾಗದಲ್ಲಿ ಒಂದು ದೊಡ್ಡ ಇಟ್ಟಿಗೆ ಕಟ್ಟಡ ಎದ್ದಿತು. ಮೆಟ್ಟಿಲು ಮೆಟ್ಟಿಲಾಗಿ ಏರುವ ಪಿರಮಿಡ್ಡಿನಂಥ ಕಟ್ಟಡ. ಅದು ಮ್ಯಾನ್‌ಪವರ್ ಸರ್ವಿಸಸ್ ಕಮಿಷನ್ನಿನ ಮುಖ್ಯ ಕಚೇರಿ. ನಿರುದ್ಯೋಗಿಗಳಿಗೆ ತರಬೇತಿ ಕೊಡಿಸುವ ಸಂಸ್ಥೆ. ಉದ್ಯೋಗ ಇಲಾಖೆಯ ಕೈಕೆಳಗಿನದು.

ಈ ಕಮಿಷನ್ ಶಾಲೆಗಳ ಒಳಗೂ ಕಾಲಿಟ್ಟಿತು. 1982ರ ಕೊನೆಯಲ್ಲಿ, 14ರಿಂದ 18ರ ಮಕ್ಕಳಿಗೆ ತಾಂತ್ರಿಕ ಮತ್ತು ಕಸುಬಿನ ಪಾಠಗಳನ್ನು ತರುವ ಯೋಜನೆಯನ್ನು ಸರ್ಕಾರ ಘೋಷಿಸಿತು. ದುಡ್ಡು ಕೊಟ್ಟು ನಡೆಸಿದ್ದು ಶಿಕ್ಷಣ ಇಲಾಖೆಯಲ್ಲ, ಈ ಕಮಿಷನ್! ಶಿಕ್ಷಣ ಇಲಾಖೆ ನಿಧಾನ, ಅವರನ್ನು ನಂಬಿ ಕೂತರೆ ಆಗದು ಎಂದು ಥ್ಯಾಚರ್ ಸುತ್ತಲಿನವರಿಗೆ ಅನ್ನಿಸಿತ್ತು. 1983ರಲ್ಲಿ ಯೂತ್ ಟ್ರೇನಿಂಗ್ ಸ್ಕೀಮ್ ಬಂತು. ಶಾಲೆ ಬಿಟ್ಟ 16ರ ಮಕ್ಕಳಿಗೆ ಒಂದು ವರ್ಷದ ತರಬೇತಿ, ಕೈಗೆ ಸಣ್ಣ ಭತ್ಯೆ. ಕೆಲವರು ನಿಜವಾಗಿ ಕಸುಬು ಕಲಿತರು. ಇನ್ನು ಕೆಲವರನ್ನು ಮಾಲೀಕರು ಸುಮ್ನೆ ಅಗ್ಗದ ಕೂಲಿಗೆ ಬಳಸಿಕೊಂಡರು. 1988ರಲ್ಲಿ ಇನ್ನೊಂದು ಏಟು ಬಿತ್ತು. 16, 17ರ ವಯಸ್ಸಿನ ಬಹುತೇಕರಿಗೆ ನಿರುದ್ಯೋಗದ ನೆರವಿನ ಹಣ ನಿಲ್ಲಿಸಿದರು. ತರಬೇತಿಯ ಜಾಗ ಇದೆಯಲ್ಲ, ಹೋಗಿ ಸೇರಿಕೊಳ್ಳಿ ಎಂದರು. ಸೇರದವರು ಕಾಗದಪತ್ರದಿಂದಲೇ ಮರೆಯಾದರು. ನೆರವಿಗೆ ಬಂದವರನ್ನು ಎಣಿಸುತ್ತಾರೆ, ಬರದವರನ್ನು ಯಾರು ಎಣಿಸುತ್ತಾರೆ?

1995ರಲ್ಲಿ ಪ್ರಧಾನಿ ಜಾನ್ ಮೇಜರ್. ತಮ್ಮದೇ ಪಕ್ಷದೊಳಗಿನ ಕಿರುಕುಳ ತಾಳದೆ ನಾಯಕತ್ವಕ್ಕೆ ಚುನಾವಣೆ ಕರೆದು, ಗೆದ್ದು, ಮರುದಿನವೇ ಸಂಪುಟ ಬದಲಿಸಿದರು. ಆ ಬದಲಾವಣೆಯಲ್ಲಿ ಉದ್ಯೋಗ ಇಲಾಖೆಯನ್ನು ಮುಚ್ಚಿಬಿಟ್ಟರು. ಕಾರ್ಮಿಕ ಸಂಬಂಧಗಳ ವಿಷಯ ವ್ಯಾಪಾರ ಮತ್ತು ಕೈಗಾರಿಕೆ ಇಲಾಖೆಗೆ ಹೋಯಿತು. ಕೆಲಸದ ಜಾಗದ ಸುರಕ್ಷತೆ ಪರಿಸರ ಇಲಾಖೆಯ ಪಾಲಿಗೆ ಬಂತು. ಅಂಕಿಅಂಶದವರು ಅಂಕಿಅಂಶ ಕಚೇರಿಗೆ ಹೋದರು. ಮಿಕ್ಕ ದೊಡ್ಡ ಪಾಲು, ಅಂದರೆ ತರಬೇತಿ ಮತ್ತು ಕೆಲಸ ಹುಡುಕಿಕೊಡುವ ಜಾಬ್‌ಸೆಂಟರ್‌ಗಳು, ಶಿಕ್ಷಣ ಇಲಾಖೆಯ ಜೊತೆ ಸೇರಿದವು. ಮಂತ್ರಿ ಗಿಲಿಯನ್ ಶೆಫರ್ಡ್. ಈಕೆ ಹಿಂದೆ ಟೀಚರ್ ಆಗಿದ್ದವರು, ಶಾಲಾ ತಪಾಸಣೆ ಮಾಡಿದವರು, ಉದ್ಯೋಗ ಮಂತ್ರಿಯೂ ಆಗಿದ್ದವರು. ಎರಡೂ ಮನೆಗಳ ಒಳಹೊರಗು ಗೊತ್ತಿದ್ದವರು. ಆಡಳಿತದ ಮುಖ್ಯಸ್ಥರಾಗಿ ಮೈಕೆಲ್ ಬಿಚರ್ಡ್ ಬಂದರು. ಅವರು ಸ್ಥಳೀಯ ಸಂಸ್ಥೆಗಳಲ್ಲಿ ಕೆಲಸ ಮಾಡಿ ಮೇಲೆ ಬಂದವರು.

ಈ ವಿಲೀನದ ಹಿಂದೆ ಎಷ್ಟು ಚಿಂತನೆ ಇತ್ತು, ಎಷ್ಟು ರಾಜಕೀಯದ ಅನುಕೂಲ ಇತ್ತು ಎಂದು ವಾದ ಮಾಡಬಹುದು. ಪರಿಣಾಮ ಮಾತ್ರ ಒಳ್ಳೆಯದೇ ಆಯಿತು. ಒಂದು ಉದಾಹರಣೆ ಹೇಳುತ್ತೇನೆ. ಶಾಲೆಯ ಪಠ್ಯ ಮತ್ತು ಪರೀಕ್ಷೆ ನೋಡಿಕೊಳ್ಳುವ ಸಂಸ್ಥೆ ಒಂದು, ಕಸುಬಿನ ಸರ್ಟಿಫಿಕೇಟ್ ನೋಡಿಕೊಳ್ಳುವ ಸಂಸ್ಥೆ ಇನ್ನೊಂದು ಇತ್ತು. ಮೊದಲನೆಯದು ಶಿಕ್ಷಣದವರದ್ದು, ಎರಡನೆಯದು ಉದ್ಯೋಗದವರ ಕೂಸು. 1997ರಲ್ಲಿ ಎರಡನ್ನೂ ಸೇರಿಸಿ ಒಂದೇ ಸಂಸ್ಥೆ ಮಾಡಿದರು. ಹೊರಗಿನವರಿಗೆ ಇದು ಬರೀ ಕಚೇರಿ ಬದಲಾವಣೆಯಂತೆ ಕಾಣಬಹುದು. ಪ್ಲಂಬಿಂಗ್ ಕಲಿತವನ ಸರ್ಟಿಫಿಕೇಟೂ ಇತಿಹಾಸ ಓದಿದವನ ಸರ್ಟಿಫಿಕೇಟೂ ಒಂದೇ ಮೇಜಿನ ಮೇಲೆ ಬಂದವು ಅನ್ನುವುದು ಮಾತ್ರ ಸಣ್ಣ ವಿಷಯವಲ್ಲ. ಐಟಿಐಯವರಿಗೆ ಇದರ ಬೆಲೆ ಗೊತ್ತು.

1997ರ ಮೇ ತಿಂಗಳಲ್ಲಿ ಲೇಬರ್ ಪಕ್ಷ ಗೆದ್ದಿತು. ಟೋನಿ ಬ್ಲೇರ್ ಹಿಂದಿನ ವರ್ಷವೇ ನನ್ನ ಮೂರು ಆದ್ಯತೆಗಳು ಶಿಕ್ಷಣ, ಶಿಕ್ಷಣ, ಶಿಕ್ಷಣ ಎಂದು ಸಾರಿಬಿಟ್ಟಿದ್ದರು. ಇಲಾಖೆಗೆ ಮಂತ್ರಿಯಾಗಿ ಬಂದವರು ಡೇವಿಡ್ ಬ್ಲಂಕೆಟ್. ಇವರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ಇಲಾಖೆಯ ಹೆಸರಿನಲ್ಲಿದ್ದ ಎರಡೂ ಪದಗಳು ಇವರ ಬದುಕಿನ ಒಳಗೇ ಇದ್ದವು.

ಬ್ಲಂಕೆಟ್ 1947ರಲ್ಲಿ ಶೆಫೀಲ್ಡಿನಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ಕಣ್ಣು ಕಾಣಿಸುತ್ತಿರಲಿಲ್ಲ. ಬಡವರ ಮನೆ. ನಾಲ್ಕನೇ ವಯಸ್ಸಿಗೇ ಅಂಧ ಮಕ್ಕಳ ವಸತಿ ಶಾಲೆಗೆ ಹೋದರು. ಹನ್ನೆರಡು ವರ್ಷದವರಿದ್ದಾಗ ಅಪ್ಪ ಗ್ಯಾಸ್ ಮಂಡಳಿಯ ಕೆಲಸದ ಜಾಗದಲ್ಲಿ ಕುದಿಯುವ ನೀರಿನ ತೊಟ್ಟಿಗೆ ಬಿದ್ದು ತೀರಿಕೊಂಡರು. ಅಂಧರಿಗೆ ಆಗ ತೆರೆದಿದ್ದ ದಾರಿಗಳು ಬಹಳ ಕಮ್ಮಿ. ಟೈಪಿಂಗ್ ಕಲಿ, ಪಿಯಾನೋ ಶ್ರುತಿ ಮಾಡುವುದನ್ನು ಕಲಿ, ಇಂಥವೇ. ಬ್ಲಂಕೆಟ್ ಸಂಜೆ ತರಗತಿಗಳಿಗೆ ಹೋಗಿ ಒಂದೊಂದೇ ಪರೀಕ್ಷೆ ಪಾಸು ಮಾಡಿದರು. ಅಪ್ಪ ದುಡಿದು ಸತ್ತ ಅದೇ ಗ್ಯಾಸ್ ಮಂಡಳಿಯಲ್ಲೇ ಗುಮಾಸ್ತರಾಗಿ ಕೆಲಸ ಮಾಡಿದರು. ಆಮೇಲೆ ಶೆಫೀಲ್ಡ್ ವಿಶ್ವವಿದ್ಯಾಲಯ ಸೇರಿದರು. ಓದು ಮುಗಿಸಿ ಬಾರ್ನ್‌ಸ್ಲಿಯ ತಾಂತ್ರಿಕ ಕಾಲೇಜಿನಲ್ಲಿ ಪಾಠ ಮಾಡಿದರು. ಉಕ್ಕಿನ ಕಾರ್ಖಾನೆಗಳು ಮುಚ್ಚುತ್ತಿದ್ದ 1980ರ ದಶಕದಲ್ಲಿ ಶೆಫೀಲ್ಡ್ ನಗರಸಭೆಯ ನಾಯಕರಾಗಿದ್ದರು. ಮಂತ್ರಿಯಾದ ಮೇಲೆ ಇಲಾಖೆಯ ಕಡತಗಳನ್ನು ಅಧಿಕಾರಿಗಳು ಓದಿ ಟೇಪಿನಲ್ಲಿ ಮುದ್ರಿಸಿ ಕೊಡುತ್ತಿದ್ದರು, ಇಲ್ಲವೇ ಬ್ರೈಲ್‌ನಲ್ಲಿ ಕೊಡುತ್ತಿದ್ದರು. ಸಂಸತ್ತಿನಲ್ಲಿ ಅವರ ಕಾಲಬಳಿ ದಾರಿ ತೋರಿಸುವ ಲೂಸಿ ಅನ್ನುವ ನಾಯಿ ಮಲಗಿರುತ್ತಿತ್ತು. ಓದು ಸಿಗದೆ ಹೋದರೆ ಬದುಕು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದನ್ನು ಇವರಿಗೆ ಯಾರೂ ವರದಿ ಬರೆದು ತಿಳಿಸಬೇಕಾಗಿರಲಿಲ್ಲ.

ಇವರು ಮೊದಲು ಕೈ ಹಾಕಿದ್ದು ಪ್ರೈಮರಿ ಶಾಲೆಗೆ. ಕೆಲಸದ ಸಮಸ್ಯೆ ಶುರುವಾಗುವುದು 16ಕ್ಕಲ್ಲ, 7ಕ್ಕೆ ಎಂಬ ನಂಬಿಕೆ. 1998ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನ ಪ್ರೈಮರಿ ಶಾಲೆಗಳಲ್ಲಿ ದಿನಕ್ಕೊಂದು ಗಂಟೆ ಓದು ಬರಹಕ್ಕೇ ಮೀಸಲು. ಅದನ್ನು ಲಿಟರಸಿ ಅವರ್ ಎಂದರು. ಆ ಗಂಟೆಯನ್ನೂ ಭಾಗ ಮಾಡಿದ್ದರು. ಮೊದಲ 15 ನಿಮಿಷ ಇಡೀ ತರಗತಿ ಸೇರಿ ಒಂದು ಪಠ್ಯ ಓದಬೇಕು. ಮುಂದಿನ 15 ನಿಮಿಷ ಪದ, ವಾಕ್ಯ, ಕಾಗುಣಿತ. ಆಮೇಲೆ 20 ನಿಮಿಷ ಮಕ್ಕಳು ಗುಂಪಾಗಿ ಅಥವಾ ತಾವೇ ಕೂತು ಕೆಲಸ ಮಾಡಬೇಕು, ಟೀಚರ್ ಒಂದು ಗುಂಪಿನ ಜೊತೆ ಇರಬೇಕು. ಕೊನೆಯ 10 ನಿಮಿಷ ಎಲ್ಲರೂ ಸೇರಿ ಏನು ಕಲಿತೆವು ಎಂದು ಹೇಳಬೇಕು. ಮರುವರ್ಷ ಲೆಕ್ಕಕ್ಕೂ ಇಂಥದೇ ದಿನದ ಪಾಠ ಬಂತು, ಬಾಯಿಲೆಕ್ಕಕ್ಕೆ ಒತ್ತು ಕೊಟ್ಟು. ಇದರ ಹಿಂದೆ ಇದ್ದವರು ಮೈಕೆಲ್ ಬಾರ್ಬರ್. ಇಲಾಖೆಯೊಳಗೇ ಒಂದು ಹೊಸ ವಿಭಾಗ ಮಾಡಿ ಅವರ ಕೈಗೆ ಕೊಟ್ಟಿದ್ದರು.

ಮೇಷ್ಟ್ರುಗಳಿಗೆ ಸಿಟ್ಟು ಬಂದಿತ್ತು. ನಿಮಿಷ ಲೆಕ್ಕ ಹಾಕಿ ಪಾಠ ಮಾಡು ಎಂದರೆ ಯಾರಿಗೆ ಬರುವುದಿಲ್ಲ, ಅಲ್ವಾ? ಆ ಸಿಟ್ಟು ನ್ಯಾಯವಾದದ್ದೇ. ಇನ್ನೊಂದು ಕಡೆಯನ್ನೂ ನೋಡಬೇಕು. ಬಡವರ ಬೀದಿಯ ಶಾಲೆಯೊಂದರಲ್ಲಿ, ತರಬೇತಿ ಸರಿಯಾಗಿ ಸಿಗದ ಹೊಸ ಟೀಚರ್‌ಗೆ, ನಾಳೆ ಬೆಳಗ್ಗೆ ಏನು ಮಾಡಬೇಕು ಎಂದು ತಿಳಿಸುವ ಕೈಪಿಡಿ ಮೊದಲ ಸಲ ಕೈಗೆ ಬಂತು. ಪುಸ್ತಕಗಳಿಗೆ ದುಡ್ಡು ಬಂತು. 5, 6, 7 ವರ್ಷದ ಮಕ್ಕಳ ತರಗತಿಯಲ್ಲಿ 30ಕ್ಕಿಂತ ಜಾಸ್ತಿ ಮಕ್ಕಳು ಇರಕೂಡದು ಎಂದು 1998ರಲ್ಲಿ ಕಾನೂನು ಬಂತು. ಅದಕ್ಕೆ ಬೇಕಾದ ಹಣವನ್ನು ಖಾಸಗಿ ಶಾಲೆಗಳಲ್ಲಿ ಓದುವ ಕೆಲವರ ಫೀಸನ್ನು ಸರ್ಕಾರ ಕಟ್ಟುತ್ತಿದ್ದ ಯೋಜನೆ ನಿಲ್ಲಿಸಿ ಹೊಂದಿಸಿದರು. ಇದನ್ನು ನಾನು ಮೆಚ್ಚುತ್ತೇನೆ. ಯಾರಿಂದ ತೆಗೆದು ಯಾರಿಗೆ ಕೊಡುತ್ತೇವೆ ಎಂದು ಬಾಯಿಬಿಟ್ಟು ಹೇಳಿ ಮಾಡಿದ ಕೆಲಸ.

ಗುರಿಯನ್ನೂ ಬಾಯಿಬಿಟ್ಟು ಹೇಳಿದ್ದರು. 2002ರ ಹೊತ್ತಿಗೆ 11 ವರ್ಷದ ಮಕ್ಕಳಲ್ಲಿ ಶೇ. 80 ಮಂದಿ ಇಂಗ್ಲಿಷ್‌ನಲ್ಲಿ, ಶೇ. 75 ಮಂದಿ ಲೆಕ್ಕದಲ್ಲಿ ಆ ವಯಸ್ಸಿಗೆ ಇರಬೇಕಾದ ಮಟ್ಟ ಮುಟ್ಟಬೇಕು. ಆಗದಿದ್ದರೆ ಕುರ್ಚಿ ಬಿಡುತ್ತೇನೆ ಎಂದು ಬ್ಲಂಕೆಟ್ ಹೇಳಿದರು. 1997ರಲ್ಲಿ ಇಂಗ್ಲಿಷ್‌ನಲ್ಲಿ ಶೇ. 63 ಇದ್ದದ್ದು 2000ದಲ್ಲಿ ಶೇ. 75ಕ್ಕೆ ಏರಿತು. ಅಲ್ಲಿಗೆ ನಿಂತಿತು. 2002ರಲ್ಲೂ ಶೇ. 75. ಲೆಕ್ಕದಲ್ಲಿ ಶೇ. 73. ಅಷ್ಟು ಹೊತ್ತಿಗೆ ಬ್ಲಂಕೆಟ್ ಗೃಹ ಮಂತ್ರಿ ಆಗಿದ್ದರು. ಅವರ ಜಾಗಕ್ಕೆ ಬಂದಿದ್ದ ಎಸ್ಟೆಲ್ ಮಾರಿಸ್ 2002ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಗುರಿ ಮುಟ್ಟದಿದ್ದರೆ ನಾನೂ ಬಿಡುತ್ತೇನೆ ಎಂದು ಆಕೆಯೂ ಹೇಳಿದ್ದರು. ರಾಜೀನಾಮೆಗೆ ಬೇರೆ ಕಾರಣಗಳೂ ಇದ್ದವು, ಆದರೆ ಆ ಹಳೆಯ ಮಾತು ಬೆನ್ನು ಬಿಡಲಿಲ್ಲ. ಆಮೇಲೆ ಸಂಖ್ಯಾಶಾಸ್ತ್ರ ಬಲ್ಲವರು ಇನ್ನೊಂದು ಮಾತು ಹೇಳಿದರು. ಅಂಕಗಳು ಏರಿದಷ್ಟು ಕಲಿಕೆ ಏರಿರಲಿಲ್ಲ, ಪರೀಕ್ಷೆಗೆ ತಯಾರು ಮಾಡುವುದೇ ಜಾಸ್ತಿಯಾಗಿತ್ತು. ಇದನ್ನು ನಾನು ಒಪ್ಪುತ್ತೇನೆ. ಆದರೂ ಏರಿಕೆ ಪೂರ್ತಿ ಸುಳ್ಳಾಗಿರಲಿಲ್ಲ.

ಇನ್ನು ಉದ್ಯೋಗದ ಕಡೆ ಬರೋಣ. ಇಲ್ಲೂ ದುಡ್ಡು ಎಲ್ಲಿಂದ ಬಂತು ಎಂಬುದು ಸ್ಪಷ್ಟವಾಗಿತ್ತು. ಖಾಸಗಿಗೆ ಮಾರಿದ್ದ ನೀರು, ವಿದ್ಯುತ್, ಗ್ಯಾಸ್ ಮುಂತಾದ ಕಂಪನಿಗಳ ಮೇಲೆ ಒಂದು ಸಲದ ತೆರಿಗೆ ಹಾಕಿದರು. 520 ಕೋಟಿ ಪೌಂಡ್ ಬಂತು. ಅದರ ದೊಡ್ಡ ಭಾಗವನ್ನು ನ್ಯೂ ಡೀಲ್ ಎಂಬ ಯೋಜನೆಗೆ ಇಟ್ಟರು. 1998ರ ಏಪ್ರಿಲ್‌ನಲ್ಲಿ ಅದು ದೇಶದ ತುಂಬ ಶುರುವಾಯಿತು. 18ರಿಂದ 24 ವರ್ಷದವರು, ಆರು ತಿಂಗಳಿಂದ ಕೆಲಸವಿಲ್ಲದವರು ಬರಲೇಬೇಕು. ಮೊದಲ ನಾಲ್ಕು ತಿಂಗಳವರೆಗೆ ಒಬ್ಬ ಸಲಹೆಗಾರ ಜೊತೆಗಿರುತ್ತಾನೆ. ನಂತರ ನಾಲ್ಕು ದಾರಿ. ಒಂದು, ಮಾಲೀಕನಿಗೆ ಸರ್ಕಾರ ವಾರಕ್ಕೆ 60 ಪೌಂಡ್ ಕೊಟ್ಟು ಆರು ತಿಂಗಳು ಕೆಲಸ ಕೊಡಿಸುವುದು, ಜೊತೆಗೆ ತರಬೇತಿಗೆ 750 ಪೌಂಡ್. ಇಲ್ಲವೇ ಪೂರ್ಣಾವಧಿ ಓದು. ಇಲ್ಲವೇ ಸೇವಾ ಸಂಸ್ಥೆಯಲ್ಲಿ ಕೆಲಸ. ಇಲ್ಲವೇ ಪರಿಸರದ ಕೆಲಸ. ಐದನೇ ದಾರಿ ಇಲ್ಲ ಎಂದರು. ಮನೆಯಲ್ಲಿ ಕೂತು ನೆರವು ತೆಗೆದುಕೊಳ್ಳುವಂತಿಲ್ಲ.

ಈ ಕಡ್ಡಾಯದ ಬಗ್ಗೆ ಆಗಲೇ ಬಹಳ ಟೀಕೆ ಬಂತು. ನನಗೆ ಮುಖ್ಯ ಅನ್ನಿಸುವುದು ಆ ಸಲಹೆಗಾರ. ಅಲ್ಲಿಯವರೆಗೆ ಜಾಬ್‌ಸೆಂಟರ್‌ಗೆ ಹೋದರೆ ಹದಿನೈದು ದಿನಕ್ಕೊಮ್ಮೆ ಸರದಿಯಲ್ಲಿ ನಿಂತು ಸಹಿ ಹಾಕಿ ಬರುವುದಷ್ಟೇ. ಪ್ರತಿ ಸಲವೂ ಬೇರೆ ಮುಖ. ಈಗ ಒಬ್ಬನೇ ವ್ಯಕ್ತಿ, ನಿನ್ನ ಹೆಸರು ಗೊತ್ತಿರುವವನು. ನಿನಗೆ ಓದಲು ಕಷ್ಟ ಇದೆಯಾ, ಮನೆಯಲ್ಲಿ ತೊಂದರೆಯಾ, ಬಸ್ಸಿಗೆ ದುಡ್ಡಿಲ್ಲವಾ ಎಂದು ಕೇಳುವವನು. ಎರಡೂವರೆ ಲಕ್ಷ ಯುವಕರನ್ನು ನೆರವಿನಿಂದ ಕೆಲಸಕ್ಕೆ ಕಳಿಸುತ್ತೇವೆ ಎಂಬ ಮಾತನ್ನು 2000ದ ಕೊನೆಯ ಹೊತ್ತಿಗೆ ಸರ್ಕಾರ ಉಳಿಸಿಕೊಂಡಿತು. ಅವರಲ್ಲಿ ಬಹಳಷ್ಟು ಮಂದಿಗೆ ಈ ಯೋಜನೆ ಇಲ್ಲದಿದ್ದರೂ ಕೆಲಸ ಸಿಗುತ್ತಿತ್ತು ಎಂದು ಲೆಕ್ಕಪರಿಶೋಧಕರು 2002ರಲ್ಲಿ ತೋರಿಸಿದರು. ಆಗ ದೇಶದ ಆರ್ಥಿಕತೆ ಚೆನ್ನಾಗಿತ್ತು. ಹಾಗಾಗಿ ಆ ದೊಡ್ಡ ಸಂಖ್ಯೆ ಹಿಡಿದುಕೊಂಡು ಹೊಗಳುವುದರಲ್ಲಿ ಅರ್ಥವಿಲ್ಲ.

ಈ ಸಲಹೆಗಾರರ ಮುಂದೆ ಬಂದು ಕೂತವರಲ್ಲಿ ಎಷ್ಟೋ ಜನಕ್ಕೆ ಓದಲು ಬರೆಯಲು ಸರಿಯಾಗಿ ಬರುತ್ತಿರಲಿಲ್ಲ. ಇಷ್ಟು ಶ್ರೀಮಂತ ದೇಶದಲ್ಲಿ! 1999ರಲ್ಲಿ ಕ್ಲಾಸ್ ಮೋಸರ್ ಅಧ್ಯಕ್ಷತೆಯ ಸಮಿತಿ ಇದನ್ನು ಬಯಲು ಮಾಡಿತು. ಮೋಸರ್ ದೊಡ್ಡ ಸಂಖ್ಯಾಶಾಸ್ತ್ರಜ್ಞ, ಬಾಲ್ಯದಲ್ಲಿ ಬರ್ಲಿನ್‌ನಿಂದ ತಪ್ಪಿಸಿಕೊಂಡು ಬಂದ ಯಹೂದಿ ಕುಟುಂಬದವರು. ಇಂಗ್ಲೆಂಡಿನಲ್ಲಿ ದೊಡ್ಡವರಾದ ಸುಮಾರು 70 ಲಕ್ಷ ಮಂದಿಗೆ, ಅಂದರೆ ಐವರಲ್ಲಿ ಒಬ್ಬರಿಗೆ, 11 ವರ್ಷದ ಮಗುವಿಗೆ ಇರಬೇಕಾದಷ್ಟೂ ಓದು ಬರಹ ಬರುವುದಿಲ್ಲ ಎಂದು ವರದಿ ಹೇಳಿತು. ಫೋನ್ ಡೈರೆಕ್ಟರಿಯ ಯೆಲ್ಲೋ ಪೇಜಸ್‌ನ ಅಕ್ಷರಮಾಲೆ ಸೂಚಿ ಕೊಟ್ಟರೆ ಪ್ಲಂಬರ್‌ಗಳು ಯಾವ ಪುಟದಲ್ಲಿದ್ದಾರೆ ಎಂದು ಹುಡುಕಲು ಆಗುವುದಿಲ್ಲ ಎಂದು ವಿವರಿಸಿತು. ಇವರೆಲ್ಲ ಶಾಲೆಗೆ ಹೋದವರೇ, ವರ್ಷಗಟ್ಟಲೆ ಬೆಂಚಿನ ಮೇಲೆ ಕೂತು ಬಂದವರೇ.

ಯೋಚಿಸಿ ನೋಡಿ. ಇವರು ಯಾರ ಹೊಣೆ? ಶಿಕ್ಷಣ ಇಲಾಖೆ ಬೇರೆ ಇದ್ದಿದ್ದರೆ ಇವರಿಗೆ ವಯಸ್ಸಾಯಿತು ಅನ್ನುತ್ತಿತ್ತು. ಉದ್ಯೋಗ ಇಲಾಖೆ ಬೇರೆ ಇದ್ದಿದ್ದರೆ ಅಕ್ಷರ ಕಲಿಸುವುದು ನಮ್ಮ ಕೆಲಸವಲ್ಲ ಅನ್ನುತ್ತಿತ್ತು. ಒಂದೇ ಮಂತ್ರಿ ಇದ್ದದ್ದರಿಂದ ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. 2001ರ ಮಾರ್ಚ್‌ನಲ್ಲಿ ದೊಡ್ಡವರ ಓದು ಬರಹಕ್ಕೆಂದೇ ಒಂದು ರಾಷ್ಟ್ರೀಯ ಯೋಜನೆ ಹೊರಬಂತು. ಜಾಬ್‌ಸೆಂಟರ್‌ಗೆ ಬಂದವರಲ್ಲಿ ಓದಲು ಕಷ್ಟಪಡುವವರನ್ನು ಗುರುತಿಸಿ ಪಾಠಕ್ಕೆ ಕಳಿಸುವುದೂ ಅದರ ಭಾಗ. ನನ್ನ ಲೆಕ್ಕದಲ್ಲಿ ಆ ಇಲಾಖೆ ಮಾಡಿದ ಅತ್ಯುತ್ತಮ ಕೆಲಸ ಇದೇ. ಪತ್ರಿಕೆಗಳಲ್ಲಿ ಇದಕ್ಕೆ ಸಿಕ್ಕ ಜಾಗ ಕಮ್ಮಿ.

ಹದಿನಾರರ ಹುಡುಗನನ್ನು ಮರೆತಿಲ್ಲ. 1999ರ ಜುಲೈಯಲ್ಲಿ ಸರ್ಕಾರವೇ ಒಂದು ವರದಿ ತಂದಿತು. 16ರಿಂದ 18ರ ವಯಸ್ಸಿನ 1,61,000 ಮಕ್ಕಳು ಓದಿನಲ್ಲೂ ಇಲ್ಲ, ಕೆಲಸದಲ್ಲೂ ಇಲ್ಲ, ತರಬೇತಿಯಲ್ಲೂ ಇಲ್ಲ ಎಂದಿತು. ನೂರಕ್ಕೆ ಒಂಬತ್ತು ಮಂದಿ. 1988ರಲ್ಲಿ ಕಾಗದದಿಂದ ಮರೆಯಾಗಿದ್ದವರು ಮತ್ತೆ ಲೆಕ್ಕಕ್ಕೆ ಬಂದರು. ಆ ವರ್ಷವೇ ಇಲಾಖೆ ಕೆಲವು ಜಿಲ್ಲೆಗಳಲ್ಲಿ ಒಂದು ಪ್ರಯೋಗ ಮಾಡಿತು. ಬಡ ಮನೆಯ ಮಕ್ಕಳು 16 ಆದ ಮೇಲೂ ಓದು ಮುಂದುವರಿಸಿದರೆ ವಾರಕ್ಕೆ 30, ಕೆಲವು ಕಡೆ 40 ಪೌಂಡಿನವರೆಗೆ ಕೊಡುವುದು. ದುಡಿಯಲು ಹೋಗಿದ್ದರೆ ಮನೆಗೆ ಒಂದಿಷ್ಟು ಬರುತ್ತಿತ್ತಲ್ಲ, ಆ ನಷ್ಟ ತುಂಬಿಕೊಡುವುದು. 2004ರಲ್ಲಿ ಅದು ಇಡೀ ಇಂಗ್ಲೆಂಡಿಗೆ ಬಂತು. ಮುಂದೆ ಬಂದ ಸರ್ಕಾರ ಖರ್ಚು ಜಾಸ್ತಿ ಎಂದು ನಿಲ್ಲಿಸಿತು.

ವಿಶ್ವವಿದ್ಯಾಲಯಗಳ ವಿಷಯದಲ್ಲಿ ಈ ಇಲಾಖೆಯನ್ನು ನಾನು ಮೆಚ್ಚಲಾರೆ. 1998ರಿಂದ ವರ್ಷಕ್ಕೆ 1,000 ಪೌಂಡ್ ಫೀಸು ತಂದರು. ಬಡ ಮಕ್ಕಳಿಗೆ ಸಿಗುತ್ತಿದ್ದ ಊಟ ವಸತಿಯ ಸಹಾಯಧನ ತೆಗೆದು ಸಾಲ ಕೊಟ್ಟರು. ಫೀಸಿನಲ್ಲಿ ಬಡವರಿಗೆ ವಿನಾಯಿತಿ ಇತ್ತು ನಿಜ. ಆದರೂ ಅಂದು ತೆರೆದ ಬಾಗಿಲಿನಿಂದ ಇಂದು 9,000 ಪೌಂಡಿಗೂ ಮೀರಿದ ಫೀಸು ಒಳಗೆ ಬಂದಿದೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗಿ ನೆಲೆಸಿದವರ ಮಕ್ಕಳು ಆ ಸಾಲವನ್ನು ಈಗಲೂ ತೀರಿಸುತ್ತಿದ್ದಾರೆ.

ನೆಲೆಸಿದವರು ಅಂದ ಮೇಲೆ ಇನ್ನೊಂದು ವಿಷಯ. ಹೊರದೇಶದವರಿಗೆ ವರ್ಕ್ ಪರ್ಮಿಟ್ ಕೊಡುವ ಕಚೇರಿಯೂ ಈ ಇಲಾಖೆಯಲ್ಲೇ ಇತ್ತು. ಓವರ್‌ಸೀಸ್ ಲೇಬರ್ ಸರ್ವಿಸ್ ಎಂದು ಹೆಸರು. ಇದ್ದದ್ದು ಶೆಫೀಲ್ಡಿನ ಅದೇ ಮೂರ್‌ಫುಟ್ ಕಟ್ಟಡದಲ್ಲಿ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನಿಂದ ಲಂಡನ್ನಿಗೋ ರೆಡಿಂಗ್‌ಗೋ ಕೆಲಸಕ್ಕೆ ಹೋದ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಅರ್ಜಿಯನ್ನು ಅಲ್ಲಿನ ಕಂಪನಿ ಮೊದಲು ಶೆಫೀಲ್ಡಿಗೆ ಕಳಿಸಬೇಕಿತ್ತು. ಈ ಕೆಲಸಕ್ಕೆ ನಮ್ಮಲ್ಲಿ ಜನ ಸಿಗುತ್ತಿಲ್ಲ ಎಂದು ತೋರಿಸಬೇಕಿತ್ತು. ಪರ್ಮಿಟ್ ಬಂದ ಮೇಲೆ ವೀಸಾಕ್ಕೆ ಚೆನ್ನೈಗೆ ಹೋಗುವುದು. 2000ದಲ್ಲಿ ಐಟಿ ಕೆಲಸಗಳನ್ನು ಜನರ ಕೊರತೆ ಇರುವ ಪಟ್ಟಿಗೆ ಸೇರಿಸಿದರು, ಪರ್ಮಿಟ್ ಸಲೀಸಾಯಿತು. ಇಂದು ಅಲ್ಲಿ ಕನ್ನಡ ರಾಜ್ಯೋತ್ಸವ ಮಾಡುವ ಎಷ್ಟೋ ಮನೆಗಳ ಮೊದಲ ಕಾಗದ ಆ ಕಟ್ಟಡದಿಂದ ಹೊರಟದ್ದು. ಒಂದು ಕಾಲಕ್ಕೆ ಕೆಲಸ ಕಳೆದುಕೊಂಡ ಉಕ್ಕಿನ ಊರಿನವರಿಗೆ ತರಬೇತಿ ಯೋಚಿಸಿದ ಕಟ್ಟಡ ಅದು. ತನ್ನ ಮಕ್ಕಳಿಗೆ ಬೇಕಾದ ವಿದ್ಯೆ ಕಲಿಸದ ದೇಶ ಹೊರಗಿನಿಂದ ಕಲಿತವರನ್ನು ಕರೆಸಬೇಕಾಗುತ್ತದೆ ಎಂಬುದು ಆ ಒಂದೇ ಇಲಾಖೆಯ ಎರಡು ಮಹಡಿಗಳಲ್ಲಿ ಕಾಣುತ್ತಿತ್ತು.

ಹಾಗಾದರೆ ಯಾಕೆ ಒಡೆದರು? 2001ರ ಜೂನ್ ಚುನಾವಣೆ ಗೆದ್ದ ಮರುದಿನ ಬ್ಲೇರ್ ಇಲಾಖೆಯನ್ನು ಎರಡು ಮಾಡಿದರು. ಶಾಲೆ, ಕಾಲೇಜು, ತರಬೇತಿ ಸೇರಿ ಶಿಕ್ಷಣ ಮತ್ತು ಕೌಶಲ ಇಲಾಖೆ. ಉದ್ಯೋಗದ ಭಾಗ ಸಾಮಾಜಿಕ ಭದ್ರತೆಯ ಇಲಾಖೆಯ ಜೊತೆ ಸೇರಿ ಕೆಲಸ ಮತ್ತು ಪಿಂಚಣಿ ಇಲಾಖೆ. ವರ್ಕ್ ಪರ್ಮಿಟ್ ಗೃಹ ಇಲಾಖೆಗೆ ಹೋಯಿತು. ಬ್ಲಂಕೆಟ್ ಕೂಡ ಅಲ್ಲಿಗೇ ಹೋದರು.

ಅದಕ್ಕೊಂದು ಗಟ್ಟಿ ಕಾರಣವೂ ಇತ್ತು. ಕೆಲಸವಿಲ್ಲದವನು ನೆರವಿನ ಹಣಕ್ಕೆ ಒಂದು ಕಚೇರಿಗೆ, ಕೆಲಸ ಹುಡುಕಲು ಇನ್ನೊಂದು ಕಚೇರಿಗೆ ಅಲೆಯುತ್ತಿದ್ದ. 1996ರಲ್ಲಿ ಬಂದ ಜಾಬ್‌ಸೀಕರ್ಸ್ ಅಲೊವೆನ್ಸ್ ಎಂಬ ನಿರುದ್ಯೋಗಿಗಳ ನೆರವಿನಲ್ಲೂ ಎರಡು ಇಲಾಖೆಗಳು ಕೈ ಹಾಕಿದ್ದವು. ಎರಡನ್ನೂ ಸೇರಿಸಿ ಜಾಬ್‌ಸೆಂಟರ್ ಪ್ಲಸ್ ಮಾಡಿದರು. ಅಲೆದಾಟ ತಪ್ಪಿತು. ಇದು ಜನರಿಗೆ ಆದ ನಿಜವಾದ ಅನುಕೂಲ, ಅಲ್ಲಗಳೆಯಲು ಆಗದು.

ಆದರೆ ಕೆಲಸ ಹುಡುಕಿಕೊಡುವ ಕಚೇರಿಯ ಒಂದು ಪಕ್ಕದಲ್ಲಿ ಶಾಲೆ ಇದೆ, ಇನ್ನೊಂದು ಪಕ್ಕದಲ್ಲಿ ನೆರವಿನ ಹಣ ಇದೆ. ಯಾರ ಮನೆಯಲ್ಲಿ ವಾಸವೋ ಅವರ ಚಿಂತೆಯೇ ನಮ್ಮ ಚಿಂತೆಯಾಗುತ್ತದೆ. ಶಾಲೆಯ ಜೊತೆ ಇದ್ದಾಗ, ಇವನಿಗೆ ಏನು ಕಲಿಸಬೇಕು ಎಂಬ ಪ್ರಶ್ನೆ ಮುಂದೆ ಇತ್ತು. ನೆರವಿನ ಜೊತೆ ಹೋದ ಮೇಲೆ, ಇವನನ್ನು ಎಷ್ಟು ಬೇಗ ಪಟ್ಟಿಯಿಂದ ಇಳಿಸಬೇಕು ಎಂಬ ಪ್ರಶ್ನೆ ಮುಂದೆ ಬಂತು. ಯಾವ ಕೆಲಸವಾದರೂ ಸರಿ, ಮೊದಲು ಸೇರಿಕೋ ಎನ್ನುವ ಒತ್ತಡ ಬೆಳೆಯಿತು. ಓದಲು ಬಾರದವನಿಗೆ ಆರು ತಿಂಗಳು ಪಾಠ ಕೊಡಿಸುವುದಕ್ಕಿಂತ ಆರು ವಾರದ ಗೋದಾಮು ಕೆಲಸಕ್ಕೆ ತಳ್ಳುವುದು ಸುಲಭ. ಅವನು ಮೂರು ತಿಂಗಳಲ್ಲಿ ವಾಪಸ್ ಬರುತ್ತಾನೆ, ಅದು ಬೇರೆ ಮಾತು.

ಒಡೆದ ಹೊತ್ತೂ ಸರಿ ಇರಲಿಲ್ಲ. ತರಬೇತಿಗೆ ಹಣ ಹಂಚುವ ದೊಡ್ಡ ಮಂಡಳಿಯೊಂದನ್ನು ಅದೇ ಏಪ್ರಿಲ್‌ನಲ್ಲಿ ಶುರು ಮಾಡಿದ್ದರು. ಎರಡು ತಿಂಗಳಿಗೆ ಅದರ ಇಲಾಖೆಯೇ ಬದಲಾಯಿತು. ಖಾತೆ ತೆರೆದ ಮೊದಲ ಹತ್ತು ಲಕ್ಷ ಮಂದಿಗೆ ಕಲಿಕೆಗೆಂದು ತಲಾ 150 ಪೌಂಡ್ ಕೊಡುವ ಯೋಜನೆ 2000ದಲ್ಲಿ ಶುರುವಾಗಿತ್ತು. ತರಬೇತಿ ಕೊಡುವವರು ಯಾರು ಎಂದು ಸರಿಯಾಗಿ ತಪಾಸಣೆ ಮಾಡಲಿಲ್ಲ. ಮೋಸ ತುಂಬಿಕೊಂಡಿತು. ಇಂಗ್ಲೆಂಡಿನಲ್ಲಿ 2001ರ ನವೆಂಬರ್‌ನಲ್ಲಿ ಅವಸರದಲ್ಲಿ ಮುಚ್ಚಿದರು. ಇದು ಹಳೆಯ ಇಲಾಖೆಯದೇ ಎಡವಟ್ಟು, ಒಡೆದದ್ದರಿಂದ ಆದದ್ದಲ್ಲ. ತೊಳೆಯುವ ಕೆಲಸ ಮಾತ್ರ ಹೊಸಬರ ಪಾಲಾಯಿತು.

ಮಾತು ಮುಗಿದ ಮೇಲೆ ಒಬ್ಬರು ಟೀಚರಮ್ಮ ಎದ್ದು ಕೇಳಿದರು. ಈಗ ಆ ಹದಿನಾರರ ಹುಡುಗ ಯಾರ ಹೊಣೆ ಸಾರ್, ಅಲ್ಲಿ? ಅವರಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಬರೆಯುತ್ತೇನೆ.

2008ರಲ್ಲಿ ಇಂಗ್ಲೆಂಡಿಗೆ ಒಂದು ಕಾನೂನು ಬಂತು. ಅದರ ಪ್ರಕಾರ 2013ರಿಂದ 17ರವರೆಗೆ, 2015ರಿಂದ 18ರವರೆಗೆ ಪ್ರತಿಯೊಬ್ಬರೂ ಓದಿನಲ್ಲೋ ತರಬೇತಿಯಲ್ಲೋ ಇರಬೇಕು. ಕೆಲಸಕ್ಕೆ ಸೇರಿದ್ದರೂ ಜೊತೆಗೆ ಕಲಿಕೆ ಇರಬೇಕು. 16, 17ರ ಮಕ್ಕಳು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಪಟ್ಟಿ ಇಡುವ ಹೊಣೆ ಸ್ಥಳೀಯ ಸಂಸ್ಥೆಗಳದ್ದು. ಹಾಗಾಗಿ ಕಾಗದದ ಮೇಲೆ ಉತ್ತರ ಇದೆ. ಆ ಪಟ್ಟಿ ಹಿಡಿದು ಮನೆ ಬಾಗಿಲಿಗೆ ಹೋಗಲು ಜನ ಬೇಕು, ದುಡ್ಡು ಬೇಕು. 2010ರ ನಂತರ ಅಲ್ಲಿನ ಸ್ಥಳೀಯ ಸಂಸ್ಥೆಗಳು ಮೊದಲು ಕತ್ತರಿಸಿದ್ದರಲ್ಲಿ ಯುವಕರ ಸೇವೆಗಳೂ ಇದ್ದವು.

ಇಲಾಖೆಗಳು ಮಾತ್ರ ಇನ್ನೂ ಜಾಗ ಬದಲಿಸುತ್ತಲೇ ಇವೆ. 2007ರಲ್ಲಿ ಶಿಕ್ಷಣ ಇಲಾಖೆ ಮತ್ತೆ ಒಡೆಯಿತು. ವಿಶ್ವವಿದ್ಯಾಲಯಗಳು ಬೇರೆ ಕಡೆ ಹೋಗಿ 2016ರಲ್ಲಿ ವಾಪಸ್ ಬಂದವು. 2025ರ ಸೆಪ್ಟೆಂಬರ್‌ನಲ್ಲಿ ದೊಡ್ಡವರ ಕೌಶಲ ತರಬೇತಿಯನ್ನು ಶಿಕ್ಷಣ ಇಲಾಖೆಯಿಂದ ತೆಗೆದು ಕೆಲಸ ಮತ್ತು ಪಿಂಚಣಿ ಇಲಾಖೆಗೆ ಕೊಟ್ಟರು. ಮೂವತ್ತು ವರ್ಷದ ಹಿಂದೆ ಉದ್ಯೋಗವನ್ನು ಶಾಲೆಯ ಹತ್ತಿರ ತಂದಿದ್ದರು. ಈಗ ಕಲಿಕೆಯನ್ನೇ ಉದ್ಯೋಗದ ಹತ್ತಿರ ಒಯ್ದಿದ್ದಾರೆ. ಜಾಬ್‌ಸೆಂಟರ್‌ನ ಮೇಜಿನ ಮುಂದೆ ಓದಲು ಬಾರದವನೊಬ್ಬ ಬಂದು ಕೂತಾಗ, ಅವನಿಗೆ ಪಾಠ ಕೊಡಿಸುವ ದುಡ್ಡು ಮತ್ತೆ ಅದೇ ಇಲಾಖೆಯಲ್ಲಿದೆ. ಅದು ಒಳ್ಳೆಯದೇ. ಆದರೆ 19ಕ್ಕಿಂತ ಚಿಕ್ಕವರು ಈ ಸಲವೂ ಶಿಕ್ಷಣ ಇಲಾಖೆಯಲ್ಲೇ ಉಳಿದಿದ್ದಾರೆ. ಬಿರುಕು ಹದಿನಾರರಿಂದ ಹತ್ತೊಂಬತ್ತಕ್ಕೆ ಸರಿದಿದೆ ಅಮ್ಮಾ, ಮುಚ್ಚಿಲ್ಲ ಎಂದು ಅವರಿಗೆ ಹೇಳಿದೆ.